ಭಾರ ಎತ್ತಿದರೆ ಓಟ ನಿಧಾನವಾಗುತ್ತದೆಯೇ? ಬಲದ ತಾಲೀಮಿನಲ್ಲಿ ವೇಗಕ್ಕೆ ಎಷ್ಟು ಜಾಗ ಕೊಡಬೇಕು?

ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಸುದ್ದಿ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಎರಡು ಥರದ ಫಾರ್ವರ್ಡ್‌ಗಳು ಓಡಾಡತೊಡಗುತ್ತವೆ. ಒಂದು ಹಳೆಯದು: ಫಿಸಿಕಲ್ ಮುಗಿಯುವವರೆಗೆ ಜಿಮ್ ಕಡೆ ತಲೆ ಹಾಕಬೇಡಿ, ಮೈ ಬಿಗಿದುಕೊಳ್ಳುತ್ತದೆ, ಓಡಲು ಆಗುವುದಿಲ್ಲ. ಇನ್ನೊಂದು ವಿಡಿಯೊ. ಬಾರ್‌ಗೆ ರಬ್ಬರ್ ಪಟ್ಟಿ, ಕಬ್ಬಿಣದ ಸರಪಳಿ ಕಟ್ಟಿಕೊಂಡ ಕಟ್ಟುಮಸ್ತಾದ ವಿದೇಶಿಯೊಬ್ಬ ಹಗುರ ತೂಕವನ್ನು ಚಕಚಕನೆ ಎತ್ತುತ್ತಾನೆ. ವಾರಕ್ಕೊಂದು 'ಸ್ಪೀಡ್ ಡೇ' ಇಲ್ಲದಿದ್ದರೆ ನಿಮ್ಮ ವರ್ಕೌಟ್ ದಂಡ ಎಂದು ಕೆಳಗೆ ಬರೆದಿರುತ್ತದೆ. ಒಬ್ಬರೇ ಎರಡನ್ನೂ ಕಳಿಸಿದ್ದನ್ನೂ ನೋಡಿದ್ದೇನೆ.

ಇದು ಬರೀ ಜಿಮ್ ಹುಡುಗರ ವಾದ ಎಂದು ಬಿಟ್ಟುಬಿಡುವಂತಿಲ್ಲ. ದೈಹಿಕ ಪರೀಕ್ಷೆಯಲ್ಲಿ ಒಂದು ವಿಭಾಗದಲ್ಲಿ ಸೋತರೂ ಆ ವರ್ಷದ ಅವಕಾಶ ಕೈತಪ್ಪುತ್ತದೆ. ಮುಂದಿನ ಅಧಿಸೂಚನೆ ಬರುವ ಹೊತ್ತಿಗೆ ವಯೋಮಿತಿ ದಾಟಿರಬಹುದು. ಪರೀಕ್ಷೆಗೆ ಹತ್ತು ದಿನ ಇರುವಾಗ ವಿಡಿಯೊ ನೋಡಿ ಜಿಗಿಯಲು ಹೋಗಿ ತೊಡೆಯ ಹಿಂಭಾಗದ ಸ್ನಾಯು ಹರಿದುಕೊಂಡರೆ ಅದನ್ನು ಸರಿಪಡಿಸಲು ಅಷ್ಟರೊಳಗೆ ಯಾರಿಂದಲೂ ಆಗದು.

ಚುಟುಕಾಗಿ ಹೇಳುವುದಾದರೆ: ಭಾರ ಎತ್ತಿದರೆ ಓಟ ನಿಧಾನವಾಗುವುದಿಲ್ಲ. ಹೊಸಬರಿಗೆ ಪ್ರತ್ಯೇಕ ಸ್ಪೀಡ್ ಡೇ ಬೇಕಿಲ್ಲ. ಆದರೆ ಪ್ರತಿ ಸಲ ತೂಕವನ್ನು ಮೇಲೆತ್ತುವಾಗ ಆದಷ್ಟು ವೇಗವಾಗಿ ಎತ್ತುವ ಪ್ರಯತ್ನ ಎಲ್ಲರಿಗೂ ಬೇಕು. ಯಾಕೆ ಎಂಬುದು ಮುಂದಿದೆ.

ಮೈ ಬಿಗಿಯುತ್ತದೆ ಎಂಬ ಮಾತು

ಈ ನಂಬಿಕೆ ನಮ್ಮೂರಿನದ್ದಷ್ಟೇ ಅಲ್ಲ. ಕಳೆದ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಕೋಚ್‌ಗಳೂ ವೈದ್ಯರೂ ಇದನ್ನೇ ಹೇಳುತ್ತಿದ್ದರು. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲಿ ದೇಹವಿಜ್ಞಾನ ಕಲಿಸುತ್ತಿದ್ದ ಪೀಟರ್ ಕಾರ್ಪೊವಿಚ್ ಕೂಡ ಅದೇ ಗುಂಪಿನವರು. 1940ರಲ್ಲಿ ಜಾನ್ ಗ್ರಿಮೆಕ್ ಎಂಬ ದೇಹದಾರ್ಢ್ಯ ಪಟು ಆ ಕಾಲೇಜಿನಲ್ಲಿ ಪ್ರದರ್ಶನ ಕೊಟ್ಟಾಗ ಕಾರ್ಪೊವಿಚ್, ನಿಮ್ಮ ಬೆನ್ನಿನ ಮಧ್ಯಭಾಗವನ್ನು ನೀವೇ ತುರಿಸಿಕೊಂಡು ತೋರಿಸಿ ಎಂದು ಕೇಳಿದರು. ಇಷ್ಟು ಮಾಂಸಖಂಡ ಇರುವವನ ಕೈ ಅಲ್ಲಿಗೆ ಹೋಗಲಾರದು ಎಂಬ ಲೆಕ್ಕ ಅವರದು. ಗ್ರಿಮೆಕ್ ಆರಾಮಾಗಿ ತುರಿಸಿಕೊಂಡರು, ಆಮೇಲೆ ಎರಡೂ ಕಾಲು ಅಗಲಿಸಿ ನೆಲಕ್ಕೆ ಕುಳಿತೂ ತೋರಿಸಿದರು.

ಕಾರ್ಪೊವಿಚ್ ಅಷ್ಟಕ್ಕೆ ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಜೋರ್ಬಸ್ ಜೊತೆ ಸೇರಿ ಭಾರ ಎತ್ತುವ 300 ಮಂದಿಯನ್ನೂ ಎತ್ತದ 300 ಮಂದಿಯನ್ನೂ ಕರೆಸಿ ಕೈ ತಿರುಗಿಸುವ ವೇಗ ಅಳೆದರು. 1951ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಭಾರ ಎತ್ತುವವರೇ ವೇಗವಾಗಿದ್ದರು. ಎಪ್ಪತ್ತು ವರ್ಷಕ್ಕೂ ಹಿಂದೆ ಬಗೆಹರಿದ ಪ್ರಶ್ನೆ ಇದು. ಫಾರ್ವರ್ಡ್‌ಗೆ ಮಾತ್ರ ಸುದ್ದಿ ಇನ್ನೂ ತಲುಪಿಲ್ಲ.

ನಮ್ಮ ಕಡೆಯ ಇನ್ನೊಂದು ಫಾರ್ವರ್ಡ್ ನಿಮಗೆ ನೆನಪಿರಬಹುದು. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಿ, 2009ರಲ್ಲಿ ಬರ್ಲಿನ್‌ನಲ್ಲಿ 9.58 ಓಡಿದ ಉಸೇನ್ ಬೋಲ್ಟ್‌ಗಿಂತ ವೇಗ ಎಂದು ದೇಶವೇ ಕುಣಿಯಿತು. ಆ ಹೋಲಿಕೆ ನಿಲ್ಲುವುದಿಲ್ಲ. ಮುಂದೆ ಕೋಣಗಳ ಎಳೆತ ಇರುತ್ತದೆ. ಜೊತೆಗೆ ನಿಂತಲ್ಲಿಂದ ವೇಗ ಹಿಡಿಯುವ ನಿಧಾನದ ಮೀಟರುಗಳು ದೂರದ ಓಟದ ಸರಾಸರಿಯಲ್ಲಿ ಕರಗಿಹೋಗುತ್ತವೆ. ಆದರೆ ಅಂದು ಎಲ್ಲರೂ ಹಂಚಿಕೊಂಡ ಆ ಫೋಟೊ ನೋಡಿ. ದುಡಿದು ಹುರಿಗಟ್ಟಿದ ಆ ಮೈ ಕೆಸರು ಗದ್ದೆಯಲ್ಲಿ ಅಷ್ಟು ವೇಗದ ಕೋಣಗಳ ಹಿಂದೆ ಮುಗ್ಗರಿಸದೆ ಓಡಿತ್ತು. ಮಾಂಸಖಂಡ ಇದ್ದರೆ ಓಡಲಾಗದು ಎನ್ನುವವರು ಅದನ್ನೂ ಫಾರ್ವರ್ಡ್ ಮಾಡಿದ್ದರು!

ಭಾರ ಎತ್ತಿದ ಮರುದಿನ ಕಾಲು ಹಿಡಿದುಕೊಂಡು ಓಟ ಕೆಡುವುದು ನಿಜ. ಮೊದಲ ಎರಡು ಮೂರು ವಾರ ಅದು ಇದ್ದೇ ಇರುತ್ತದೆ. ಈ ನೋವನ್ನು ನೋಡಿಯೇ 'ಮೈ ಬಿಗಿಯಿತು' ಎಂಬ ಮಾತು ಉಳಿದುಕೊಂಡಿದೆ ಅನ್ನಿಸುತ್ತದೆ. ತಾಲೀಮು ಮುಂದುವರಿಸಿದರೆ ನೋವು ತಾನಾಗಿ ಕಡಿಮೆಯಾಗುತ್ತದೆ. ಪರೀಕ್ಷೆಯ ಹಿಂದಿನ ವಾರ ಜಿಮ್‌ಗೆ ಹೊಸದಾಗಿ ಸೇರಬಾರದು ಎನ್ನುವುದಾದರೆ ಆ ಸಲಹೆ ಸರಿ.

ಸೊಪ್ಪಿನ ಹೊರೆ, ಕಟ್ಟಿಗೆ ಕೊಡಲಿ

ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತು ಇಳಿಯಲು ಬಲ ಬೇಕು, ವೇಗ ಬೇಡ. ಮಳೆಗಾಲಕ್ಕೆ ಕಟ್ಟಿಗೆ ಒಡೆಯುವಾಗ ಹಾಗಲ್ಲ. ಕೊಡಲಿ ಭಾರವೇನೂ ಇಲ್ಲ, ಅದು ಎಷ್ಟು ವೇಗವಾಗಿ ಬಂದು ಬೀಳುತ್ತದೆ ಎಂಬುದರ ಮೇಲೆ ಕೊರಡು ಸೀಳುತ್ತದೆಯೋ ಇಲ್ಲವೋ ತೀರ್ಮಾನವಾಗುತ್ತದೆ. ಮೊದಲನೆಯದು ಬಲ. ಎರಡನೆಯದನ್ನು ಕ್ರೀಡಾವಿಜ್ಞಾನದಲ್ಲಿ ಪವರ್ ಎನ್ನುತ್ತಾರೆ: ಬಲವನ್ನು ವೇಗದಿಂದ ಗುಣಿಸಿದರೆ ಬರುವುದು.

ಸ್ನಾಯುವಿಗೆ ಒಂದು ಕಟ್ಟುಪಾಡಿದೆ. ಅದು ವೇಗವಾಗಿ ಕುಗ್ಗಿದಷ್ಟೂ ಕಡಿಮೆ ಬಲ ಹುಟ್ಟಿಸುತ್ತದೆ, ಹೆಚ್ಚು ಬಲ ಹಾಕಬೇಕಾದರೆ ನಿಧಾನವಾಗುತ್ತದೆ. ಬ್ರಿಟನ್ನಿನ ಎ.ವಿ. ಹಿಲ್ 1938ರಲ್ಲಿ ಕಪ್ಪೆಯ ಸ್ನಾಯುಗಳ ಮೇಲೆ ಪ್ರಯೋಗ ಮಾಡಿ ಈ ಸಂಬಂಧವನ್ನು ಸೂತ್ರವಾಗಿ ಬರೆದರು. ಹೀಗಾಗಿ ಪವರ್ ಅತಿ ಹೆಚ್ಚಾಗಿರುವುದು ತೀರಾ ಭಾರದಲ್ಲೂ ಅಲ್ಲ, ತೀರಾ ಹಗುರದಲ್ಲೂ ಅಲ್ಲ, ನಡುವೆ ಎಲ್ಲೋ.

ಇನ್ನೊಂದು ವಿಷಯ ಸಮಯ. ಸ್ನಾಯು ತನ್ನ ಪೂರ್ತಿ ಬಲಕ್ಕೆ ಬರಲು ಸೆಕೆಂಡಿನ ಮೂರನೇ ಒಂದು ಭಾಗ ಅಥವಾ ಇನ್ನೂ ಹೆಚ್ಚು ಹೊತ್ತು ಬೇಕು. ಜೋರಾಗಿ ಓಡುವವರ ಪಾದ ನೆಲದ ಮೇಲಿರುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಮಾತ್ರ. 100 ಕೆ.ಜಿ. ಎತ್ತಬಲ್ಲವರಿಗೂ ಅಷ್ಟು ಚಿಕ್ಕ ಹೊತ್ತಿನಲ್ಲಿ ಅದರ ಒಂದು ಪಾಲನ್ನಷ್ಟೇ ಬಳಸಲು ಸಾಧ್ಯ. ವೇಗದ ತಾಲೀಮು ಬೇಕು ಎನ್ನುವವರ ವಾದದ ಬೇರು ಇಲ್ಲಿದೆ, ಆ ಮಟ್ಟಿಗೆ ಅವರು ಹೇಳುವುದು ಸರಿ.

ಇಲ್ಲಿ ಹೆಸರುಗಳೂ ಗೊಂದಲ ಮಾಡುತ್ತವೆ. ಪವರ್‌ಲಿಫ್ಟಿಂಗ್ ಎಂಬ ಆಟದಲ್ಲಿ ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್ ಇರುತ್ತವೆ. ಎಷ್ಟು ನಿಧಾನವಾಗಿ ಎತ್ತಿದರೂ ಎತ್ತಿದ ತೂಕ ಲೆಕ್ಕಕ್ಕೆ ಬರುತ್ತದೆ. ಒಲಿಂಪಿಕ್ಸ್‌ನಲ್ಲಿರುವ ವೇಟ್‌ಲಿಫ್ಟಿಂಗ್‌ನಲ್ಲಿ ನಿಧಾನವಾದರೆ ಬಾರ್ ಮೇಲೆ ಹೋಗುವುದೇ ಇಲ್ಲ. ನಿಟ್ಟೂರಿನಿಂದ ಕೊಲ್ಲೂರು ಘಾಟಿ ಇಳಿದು ಕುಂದಾಪುರದ ದಾರಿ ಹಿಡಿದರೆ ವಂಡ್ಸೆ ಸಿಗುತ್ತದಲ್ಲ, ಆ ಕಡೆಯ ಗುರುರಾಜ ಪೂಜಾರಿ ಗೆದ್ದದ್ದು ಈ ಆಟದಲ್ಲಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ 269 ಕೆ.ಜಿ. ಎತ್ತಿ ಕಂಚು. ಭಾರವೂ ವೇಗವೂ ಒಂದೇ ದೇಹದಲ್ಲಿ ಇರಬಲ್ಲವೇ ಎಂಬ ಅನುಮಾನ ಇರುವವರು ಅವರ ಸ್ನ್ಯಾಚ್‌ನ ವಿಡಿಯೊ ನೋಡಿ.

ಹಗುರ ಬಾರ್ ತನಗೆ ತಾನೇ ಬ್ರೇಕ್ ಹಾಕುತ್ತದೆ

ತೋಟಕ್ಕೆ ನುಗ್ಗಿದ ಮಂಗನತ್ತ ನಿಜವಾಗಿ ಕಲ್ಲು ಬೀಸುವುದಕ್ಕೂ, ಕಲ್ಲಿಲ್ಲದ ಕೈಯನ್ನು ಸುಮ್ಮನೆ ಬೀಸಿ ಹೆದರಿಸುವುದಕ್ಕೂ ಇರುವ ವ್ಯತ್ಯಾಸ ಗಮನಿಸಿದ್ದೀರಾ? ಕಲ್ಲು ಕೈಬಿಡುವವರೆಗೂ ತೋಳು ವೇಗ ಏರಿಸುತ್ತಲೇ ಇರುತ್ತದೆ. ಸುಮ್ಮನೆ ಬೀಸುವಾಗ ಅರ್ಧ ದಾರಿಯಲ್ಲೇ ತೋಳು ತನ್ನನ್ನು ತಾನು ತಡೆದುಕೊಳ್ಳಲು ಶುರುಮಾಡುತ್ತದೆ, ಇಲ್ಲದಿದ್ದರೆ ಮೊಣಕೈ ಕಳಚಿದಂತಾಗುತ್ತದೆ.

ಹಗುರ ತೂಕ ಹಾಕಿಕೊಂಡು ಬೆಂಚ್ ಪ್ರೆಸ್ ಅಥವಾ ಸ್ಕ್ವಾಟನ್ನು ಜೋರಾಗಿ ಮಾಡಿದಾಗ ಆಗುವುದೂ ಇದೇ. ಬಾರ್ ಕೈಯಿಂದ ಹಾರಿಹೋಗಬಾರದಲ್ಲ, ಹಾಗಾಗಿ ಎತ್ತುವಿಕೆಯ ಕೊನೆಯ ಭಾಗವೆಲ್ಲ ವೇಗ ತಗ್ಗಿಸುವುದರಲ್ಲೇ ಕಳೆಯುತ್ತದೆ. ನೋಡಲು ವೇಗದ ತಾಲೀಮು, ಒಳಗೆ ಅರ್ಧ ಬ್ರೇಕಿನ ತಾಲೀಮು. ವಿಡಿಯೊದ ರಬ್ಬರ್ ಪಟ್ಟಿ, ಸರಪಳಿಗಳಿಗೆ ಅರ್ಥ ಬರುವುದು ಇಲ್ಲಿ. ಬಾರ್ ಮೇಲೆ ಹೋದಂತೆ ಅವು ಭಾರ ಹೆಚ್ಚಿಸುತ್ತವೆ, ಬ್ರೇಕ್ ಹಾಕುವ ಅಗತ್ಯ ಕಡಿಮೆಯಾಗುತ್ತದೆ. ಇದನ್ನು ಜನಪ್ರಿಯಗೊಳಿಸಿದ್ದು ಅಮೆರಿಕದ ಓಹಾಯೊ ರಾಜ್ಯದ ವೆಸ್ಟ್‌ಸೈಡ್ ಬಾರ್ಬೆಲ್ ಎಂಬ ಜಿಮ್ ನಡೆಸುತ್ತಿದ್ದ ಲೂಯಿ ಸಿಮನ್ಸ್. 2022ರಲ್ಲಿ ತೀರಿಕೊಂಡರು. ಅವರ ಶಿಷ್ಯರು ಆಗಲೇ ವರ್ಷಗಟ್ಟಲೆ ತಾಲೀಮು ಮಾಡಿದ, ಭಾರಿ ತೂಕ ಎತ್ತುವ ಪವರ್‌ಲಿಫ್ಟರ್‌ಗಳು. ಪ್ರತಿವಾರ ಎರಡು ಸಲ ಭಾರಿ ತೂಕ ಎತ್ತಿದರೆ ಅವರ ಮೈ ತಡೆಯದು, ಆದ್ದರಿಂದ ಒಂದು ದಿನ ತೂಕ ಇಳಿಸಿ ವೇಗ ಹೆಚ್ಚಿಸುವುದು. ಆ ಪದ್ಧತಿಯನ್ನು 40 ಕೆ.ಜಿ. ಸ್ಕ್ವಾಟ್ ಮಾಡುವ ಹುಡುಗ ತೆಗೆದುಕೊಂಡು ಅದರ ಅರ್ಧ, ಅಂದರೆ ಬರೀ ಬಾರ್, ಎತ್ತಿದರೆ ಏನು ಬಂತು?

ಬ್ರೇಕೇ ಬೇಡದ ತಾಲೀಮು ಬೇಕಾದರೆ ಪಟ್ಟಿಗೆ ದುಡ್ಡು ಹಾಕಬೇಕಿಲ್ಲ. ಜಿಗಿಯಿರಿ, ಎಸೆಯಿರಿ, ಗುಡ್ಡ ಹತ್ತಿ ಓಡಿ. ಜಿಗಿತದಲ್ಲಿ ದೇಹವೇ ನೆಲ ಬಿಟ್ಟು ಹೋಗುತ್ತದೆ, ಎಸೆತದಲ್ಲಿ ಗುಂಡು ಕೈಬಿಟ್ಟು ಹೋಗುತ್ತದೆ.

ಬಾರ್ ನಿಧಾನ, ಪ್ರಯತ್ನ ವೇಗ

ನನಗೆ ಈ ವಿಷಯದಲ್ಲಿ ಅತಿ ಕುತೂಹಲಕರ ಅನ್ನಿಸಿದ್ದು 1993ರ ಒಂದು ಕೆನಡಾ ಅಧ್ಯಯನ. ಡೇವಿಡ್ ಬೆಮ್ ಮತ್ತು ಡಿಗ್ಬಿ ಸೇಲ್ ಎಂಬ ಸಂಶೋಧಕರು 16 ವಾರ ಕಾಲ ಪಾದವನ್ನು ಮೇಲಕ್ಕೆತ್ತುವ ಸ್ನಾಯುಗಳಿಗೆ ತಾಲೀಮು ಕೊಟ್ಟರು. ಒಂದು ಪಾದ ನಿಜವಾಗಿ ವೇಗವಾಗಿ ಚಲಿಸುತ್ತಿತ್ತು. ಇನ್ನೊಂದನ್ನು ಅಲುಗಾಡದಂತೆ ಕಟ್ಟಿದ್ದರು, ಆದರೆ ಅದನ್ನೂ ಆದಷ್ಟು ವೇಗವಾಗಿ ಎತ್ತಲು ಪ್ರಯತ್ನಿಸಿ ಎಂದಿದ್ದರು. ಕೊನೆಗೆ ಅಳೆದಾಗ ಎರಡೂ ಪಾದಗಳಿಗೆ ವೇಗದ ಲಾಭ ಒಂದೇ ಬಗೆಯಲ್ಲಿ ಸಿಕ್ಕಿತ್ತು. ಕಟ್ಟಿಹಾಕಿದ ಪಾದ ಒಂದಿಂಚೂ ಕದಲಿರಲಿಲ್ಲ.

ಕಾರಣ ನರಗಳಲ್ಲಿದೆ. ಮಿದುಳು ಸ್ನಾಯುವಿನ ಎಳೆಗಳನ್ನು ಗುಂಪು ಗುಂಪಾಗಿ ಕೆಲಸಕ್ಕೆ ಕರೆಯುತ್ತದೆ. ಮೊದಲು ಚಿಕ್ಕ, ನಿಧಾನದ, ಬೇಗ ದಣಿಯದ ಗುಂಪುಗಳು. ಅವು ಸಾಲದೆಂದಾಗ ದೊಡ್ಡ, ವೇಗದ ಗುಂಪುಗಳು. ಈ ವೇಗದ ಗುಂಪನ್ನು ಏಳಿಸಲು ಭಾರಿ ತೂಕ ಹೊರಬೇಕು, ಇಲ್ಲವೇ ಒಮ್ಮೆಗೇ ಜೋರಾಗಿ ನೂಕುವ ಪ್ರಯತ್ನ ಮಾಡಬೇಕು. ಭಾರಿ ತೂಕವನ್ನು ಜೋರಾಗಿ ನೂಕಲು ಹೋದರೆ ಎರಡೂ ಒಟ್ಟಿಗೇ ಆಗುತ್ತವೆ. ನೋಡುವವರಿಗೆ ಬಾರ್ ಆಮೆಯಂತೆ ಕಾಣಬಹುದು, ನರಗಳಿಗೆ ಅದು ವೇಗದ ಕೆಲಸವೇ.

2014ರಲ್ಲಿ ಪ್ರಕಟವಾದ ಸ್ಪೇನಿನ ಒಂದು ಅಧ್ಯಯನ ಇದನ್ನು ಬೆಂಚ್ ಪ್ರೆಸ್‌ನಲ್ಲಿ ನೋಡಿತು. ಎರಡು ಗುಂಪು, ಒಂದೇ ತೂಕ, ಒಂದೇ ಸೆಟ್, ಆರು ವಾರ. ಒಂದು ಗುಂಪು ಪೂರ್ತಿ ವೇಗದಲ್ಲಿ ಎತ್ತಿತು, ಇನ್ನೊಂದು ಬೇಕೆಂದೇ ಅರ್ಧ ವೇಗದಲ್ಲಿ. ಪೂರ್ತಿ ವೇಗದವರ ಬಲ ಸುಮಾರು 18% ಏರಿದರೆ ಅರ್ಧ ವೇಗದವರದು ಸುಮಾರು 10%. ಹೆಚ್ಚು ದಿನ ಇಲ್ಲ, ಹೆಚ್ಚು ತೂಕ ಇಲ್ಲ, ಪ್ರಯತ್ನ ಮಾತ್ರ ಬೇರೆ.

ವೇಗ ಎಂದರೆ ಧಡಾರನೆ ಇಳಿಸುವುದಲ್ಲ. ಇಳಿಯುವುದು ಹಿಡಿತದಲ್ಲಿ, ಏರುವುದು ಜೋರಾಗಿ. ಎದೆಯ ಮೇಲೆ ಬಾರ್ ಪುಟಿಸುವುದು, ಸ್ಕ್ವಾಟ್‌ನಲ್ಲಿ ಕುಸಿದು ಬೀಳುವಂತೆ ಕೂರುವುದು ವೇಗದ ತಾಲೀಮಲ್ಲ, ಆಸ್ಪತ್ರೆಯ ದಾರಿ.

ಬರೀ ಮೈ ಕಟ್ಟಬೇಕು, ಊರ ಹಬ್ಬಕ್ಕೆ ಅಂಗಿ ಬಿಗಿಯಾಗಿ ಕೂರಬೇಕು ಎನ್ನುವವರಿಗೆ ಇದರ ಚಿಂತೆ ಬೇಡ. ಒಂದು ಸಲ ಎತ್ತಿ ಇಳಿಸಲು ಅರ್ಧ ಸೆಕೆಂಡಿನಿಂದ ಎಂಟು ಸೆಕೆಂಡಿನವರೆಗೆ ಎಷ್ಟು ತೆಗೆದುಕೊಂಡರೂ ಮಾಂಸಖಂಡ ಬೆಳೆಯುವುದು ಹೆಚ್ಚೂಕಡಿಮೆ ಒಂದೇ ಎಂದು 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ ಹೇಳಿದೆ.

ಹಾಗಾದರೆ ಸ್ಪೀಡ್ ಡೇ ಯಾರಿಗೆ?

ಆಸ್ಟ್ರೇಲಿಯಾದ ಎಡಿತ್ ಕೋವನ್ ವಿಶ್ವವಿದ್ಯಾಲಯದ ಪ್ರೂ ಕಾರ್ಮಿ ಮತ್ತು ಸಂಗಡಿಗರು 2010ರಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡರು. ಅಷ್ಟೇನೂ ಬಲವಿಲ್ಲದ ಯುವಕರಲ್ಲಿ ಒಂದು ಗುಂಪಿಗೆ ಹತ್ತು ವಾರ ಭಾರದ ಸ್ಕ್ವಾಟ್, ಇನ್ನೊಂದಕ್ಕೆ ಹತ್ತು ವಾರ ಜಿಗಿತದ ತಾಲೀಮು. ಜಿಗಿತ ಮತ್ತು ಓಟದಲ್ಲಿ ಎರಡೂ ಗುಂಪು ಸರಿಸುಮಾರು ಒಂದೇ ಮಟ್ಟಿಗೆ ಸುಧಾರಿಸಿದವು. ಭಾರ ಎತ್ತಿದವರಿಗೆ ಅದರ ಜೊತೆಗೆ ಬಲವೂ ಚೆನ್ನಾಗಿ ಏರಿತ್ತು. ಅಂದರೆ ಹೊಸಬರಿಗೆ ಬಲದ ತಾಲೀಮೇ ವೇಗವನ್ನೂ ಕೊಡುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ನೀವು ಜಿಮ್ ಸೇರಿ ವರ್ಷವಾಗಿಲ್ಲ, ವಾರವಾರ ಬಾರ್‌ಗೆ ಇನ್ನೂ ತೂಕ ಸೇರುತ್ತಿದೆ ಎಂದಾದರೆ ಪ್ರತ್ಯೇಕ ಸ್ಪೀಡ್ ಡೇ ಬೇಡ. ನಿಮ್ಮ ದೇಹದ ತೂಕದ ಒಂದೂವರೆ ಪಟ್ಟಿನಷ್ಟು ಸ್ಕ್ವಾಟ್ ಮಾಡುತ್ತೀರಿ, ತಿಂಗಳಾದರೂ ತೂಕ ಏರುತ್ತಿಲ್ಲ, ಓಟ ಜಿಗಿತಗಳಲ್ಲಿ ಬಲ ಕಾಣಿಸುತ್ತಿಲ್ಲ ಎಂದಾದರೆ ಆಗ ವಾರದಲ್ಲೊಂದು ದಿನ ತೂಕ ಇಳಿಸಿ ವೇಗ ಏರಿಸುವುದಕ್ಕೆ ಅರ್ಥವಿದೆ. ಒಂದೂವರೆ ಪಟ್ಟು ಎಂಬುದು ಕೋಚ್‌ಗಳ ಅಂದಾಜಿನ ಲೆಕ್ಕ, ಕಲ್ಲಿನಲ್ಲಿ ಕೆತ್ತಿದ್ದಲ್ಲ.

ಫಿಸಿಕಲ್‌ಗೆ ತಯಾರಾಗುವವರಿಗೆ

ಇತ್ತೀಚಿನ ಸಿವಿಲ್ ಕಾನ್‌ಸ್ಟೆಬಲ್ ಅಧಿಸೂಚನೆಗಳಲ್ಲಿ ಪುರುಷರಿಗೆ 1,600 ಮೀಟರ್ ಓಟ 6 ನಿಮಿಷ 30 ಸೆಕೆಂಡಿನೊಳಗೆ, ಉದ್ದ ಜಿಗಿತ 3.80 ಮೀಟರ್ ಅಥವಾ ಎತ್ತರ ಜಿಗಿತ 1.20 ಮೀಟರ್, 7.26 ಕೆ.ಜಿ. ಗುಂಡು ಎಸೆತ 5.60 ಮೀಟರ್ ಇದ್ದವು. ಮಹಿಳೆಯರಿಗೆ 400 ಮೀಟರ್ ಎರಡು ನಿಮಿಷದೊಳಗೆ, ಉದ್ದ ಜಿಗಿತ 2.50 ಅಥವಾ ಎತ್ತರ ಜಿಗಿತ 0.90 ಮೀಟರ್, 4 ಕೆ.ಜಿ. ಗುಂಡು 3.75 ಮೀಟರ್. ನೀವು ಅರ್ಜಿ ಹಾಕುವ ಅಧಿಸೂಚನೆಯಲ್ಲಿ ಇರುವ ಅಂಕಿಗಳೇ ಅಂತಿಮ, ಫಾರ್ವರ್ಡ್‌ನಲ್ಲಿ ಬಂದ ಪಟ್ಟಿಯಲ್ಲ.

ಈ ಪಟ್ಟಿಯನ್ನೊಮ್ಮೆ ಬೇರೆ ಕಣ್ಣಿಂದ ನೋಡಿ. ಜಿಗಿತ, ಎಸೆತ ಎರಡೂ ಪವರ್‌ನ ಪರೀಕ್ಷೆ. 1,600 ಮೀಟರ್ ಮುಖ್ಯವಾಗಿ ದಮ್ಮಿನ ಪರೀಕ್ಷೆ. 400 ಮೀಟರಿನ ನಾಲ್ಕು ಸುತ್ತು, ಸುತ್ತಿಗೆ 97.5 ಸೆಕೆಂಡ್. ಸ್ಕ್ವಾಟನ್ನು ಎಷ್ಟೇ ವೇಗವಾಗಿ ಮಾಡಿದರೂ ದಮ್ಮು ಬರುವುದಿಲ್ಲ, ಅದಕ್ಕೆ ಓಡಲೇಬೇಕು. ಆದರೆ ಭಾರ ಎತ್ತುವುದರಿಂದ ದೂರದ ಓಟಕ್ಕೂ ನೆರವಿದೆ. ನಾರ್ವೆಯಲ್ಲಿ ಓಟಗಾರರಿಗೆ ಎಂಟು ವಾರ, ವಾರಕ್ಕೆ ಮೂರು ಸಲ, ನಾಲ್ಕೇ ರೆಪ್ ಮಾಡಲಾಗುವಷ್ಟು ಭಾರದ ಅರ್ಧ ಸ್ಕ್ವಾಟ್ ಮಾಡಿಸಿದರು, ಏಳುವಾಗ ಪೂರ್ತಿ ಬಲ ಹಾಕಿ ಎಂಬ ಸೂಚನೆಯೊಂದಿಗೆ. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅದೇ ವೇಗದ ಓಟಕ್ಕೆ ಅವರಿಗೆ ಬೇಕಾದ ಆಮ್ಲಜನಕ 5% ಕಡಿಮೆಯಾಗಿತ್ತು. ದೇಹದ ತೂಕ ಏರಿರಲಿಲ್ಲ.

ಮಲೆನಾಡಿನಲ್ಲಿ ಇನ್ನೊಂದು ಲೆಕ್ಕ ಮಳೆಯದು. ಹುಲಿಕಲ್, ಆಗುಂಬೆ ಸುತ್ತಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ರೌಂಡ್ ಎಂಬುದು ಕೆಸರಿನ ಇನ್ನೊಂದು ಹೆಸರು. ಇದು ಅಡ್ಡಿಯೇ ಆಗಬೇಕಿಲ್ಲ. ಮಳೆಗಾಲದಲ್ಲಿ ಒಳಗೆ ಭಾರ ಎತ್ತಿ ಬಲ ಕಟ್ಟಿಕೊಳ್ಳಿ, ನವರಾತ್ರಿ ಹೊತ್ತಿಗೆ ನೆಲ ಒಣಗಿದ ಮೇಲೆ ಓಟ ಜಿಗಿತ ಹೆಚ್ಚಿಸಿ. ಮೊದಲು ಬಲ, ಪರೀಕ್ಷೆ ಹತ್ತಿರವಾದಂತೆ ವೇಗ ಎಂಬ ಕ್ರಮವನ್ನು ಕೋಚ್‌ಗಳೂ ಪಾಲಿಸುತ್ತಾರೆ. ನವೆಂಬರ್ ನಂತರ ಅಡಿಕೆ ಕೊಯ್ಲಿಗೆ ಹೋಗುವವರಾದರೆ ದಿನವಿಡೀ ಗೊನೆ ಹೊತ್ತ ಕಾಲಿಗೆ ಸಂಜೆ ಜಿಗಿತ ಬೇಡ. ಆ ದಿನದ ಲೆಕ್ಕದಲ್ಲಿ ಕೊಯ್ಲೇ ತಾಲೀಮು.

ವೇಗದ ತಾಲೀಮು ಎಂದರೆ ಸುಸ್ತಾಗುವುದಲ್ಲ ಎಂಬುದನ್ನು ಹೆಚ್ಚಿನವರು ತಪ್ಪು ತಿಳಿಯುತ್ತಾರೆ. ದಿನಕ್ಕೆ ನೂರು ಜಿಗಿತ, ಐವತ್ತು ಬರ್ಪಿ ಎಂಬ ಚಾಲೆಂಜ್‌ಗಳು ದಮ್ಮು ಹೆಚ್ಚಿಸಬಹುದು, ವೇಗವನ್ನಲ್ಲ. ದಣಿದ ಸ್ನಾಯು ನಿಧಾನವಾಗಿ ಜಿಗಿಯುವುದನ್ನೇ ಕಲಿಯುತ್ತದೆ. ಮೈ ಬಿಸಿ ಮಾಡಿಕೊಂಡ ತಕ್ಷಣ, ಭಾರ ಎತ್ತುವುದಕ್ಕೆ ಮೊದಲು, ಮೂರರಿಂದ ಐದು ಜಿಗಿತದ ನಾಲ್ಕೈದು ಸೆಟ್ ಸಾಕು. ನಡುವೆ ಎರಡು ನಿಮಿಷ ಸುಮ್ಮನೆ ನಿಲ್ಲಿ, ಮೊಬೈಲ್ ಬೇಕಾದರೆ ನೋಡಿ. ಓಟವಾದರೆ 20ರಿಂದ 30 ಮೀಟರಿನದು ನಾಲ್ಕರಿಂದ ಆರು ಸಲ, ಮೊದಲ ವಾರಗಳಲ್ಲಿ ಪೂರ್ತಿ ವೇಗಕ್ಕೆ ಹೋಗದೆ, ಸಾಧ್ಯವಾದರೆ ಸಣ್ಣ ಏರಿನಲ್ಲಿ. ಏರಿನಲ್ಲಿ ಓಡುವಾಗ ಹೆಜ್ಜೆ ಗಿಡ್ಡವಾಗುವುದರಿಂದ ತೊಡೆಯ ಹಿಂಭಾಗಕ್ಕೆ ಎಳೆತ ಕಡಿಮೆ. ವಾರಕ್ಕೆ ಎರಡು ಸಲ ಸಾಕು. ಜಿಗಿತದ ಎತ್ತರ ಕುಗ್ಗಿತೆಂದರೆ ಆ ದಿನಕ್ಕೆ ಮುಗಿಯಿತು. ಗುಂಡು ಎಸೆತವನ್ನು ಊರಿನ ಪಿ.ಇ. ಮೇಷ್ಟ್ರ ಬಳಿ ಕೇಳಿ ಕಲಿಯಿರಿ. ಕೋನ ಸರಿಮಾಡಿಕೊಂಡರೇ ಎಷ್ಟೋ ಮಂದಿಗೆ ಅರ್ಧ ಮೀಟರ್ ಸಿಗುತ್ತದೆ, ಬಲ ಆಮೇಲಿನ ಮಾತು.

ಮನೆಯ ಹಿರಿಯರಿಗೆ ಇದು ಇನ್ನೂ ಹೆಚ್ಚು ಬೇಕು

ಸ್ಪೀಡ್ ವರ್ಕ್ ಎಂದರೆ ಹುಡುಗರ ವಿಷಯ ಎಂದುಕೊಳ್ಳುತ್ತೇವೆ. ವಯಸ್ಸಾದಂತೆ ಬಲ ಕುಂದುತ್ತದೆ, ಪವರ್ ಅದಕ್ಕಿಂತ ಬೇಗ ಕುಂದುತ್ತದೆ. ಸೋಗೆ ಹಾಸಿದ್ದರೂ ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಜಾರಿದಾಗ ಬೀಳದೆ ಉಳಿಯಬೇಕಾದರೆ ಇನ್ನೊಂದು ಕಾಲನ್ನು ಕ್ಷಣಾರ್ಧದಲ್ಲಿ ಮುಂದಿಡಬೇಕು. ಕಾಲಿನಲ್ಲಿ ಬಲ ಇದ್ದೂ ಅದು ಬರುವುದು ತಡವಾದರೆ ಸೊಂಟದ ಮೂಳೆಗೆ ಕುತ್ತು.

2002ರಲ್ಲಿ ಬೋಸ್ಟನ್ನಿನ ರೋಜರ್ ಫೀಲ್ಡಿಂಗ್ ತಂಡ ಎಪ್ಪತ್ತರ ಆಸುಪಾಸಿನ, ಓಡಾಟಕ್ಕೆ ಕಷ್ಟವಿದ್ದ ಮಹಿಳೆಯರಿಗೆ 16 ವಾರ ತೂಕದ ತಾಲೀಮು ಕೊಟ್ಟಿತು. ಒಂದು ಗುಂಪು ನಿಧಾನವಾಗಿ ನೂಕಿತು, ಇನ್ನೊಂದು ಆದಷ್ಟು ವೇಗವಾಗಿ. ಬಲ ಎರಡರಲ್ಲೂ ಹೆಚ್ಚೂಕಡಿಮೆ ಸಮನಾಗಿ ಏರಿತು, ಕಾಲಿನ ಪವರ್ ವೇಗದ ಗುಂಪಿನಲ್ಲಿ ಬಹಳ ಹೆಚ್ಚು ಏರಿತು.

ಮನೆಯಲ್ಲಿ ಮಾಡಲು ಒಂದು ಗಟ್ಟಿಯಾದ ಕುರ್ಚಿ ಸಾಕು. ಗೋಡೆಗೆ ಒತ್ತಿ ಇಡಿ, ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಎದ್ದೇಳುವಾಗ ಬೇಗ, ಕೂರುವಾಗ ಮೂರು ಎಣಿಸುತ್ತಾ ನಿಧಾನ. ಎಂಟು ಸಲ, ಸ್ವಲ್ಪ ವಿಶ್ರಾಂತಿ, ಮತ್ತೊಮ್ಮೆ. ಎದ್ದೇಳುವಾಗ ಉಸಿರು ಕಟ್ಟಬಾರದು, ರಕ್ತದೊತ್ತಡ ಏರುತ್ತದೆ. ಎದ್ದ ಕೂಡಲೇ ತಲೆ ಸುತ್ತುವವರು ಇದಕ್ಕೆ ಕೈ ಹಾಕುವ ಮೊದಲು ಡಾಕ್ಟರಿಗೆ ತೋರಿಸಿ. ಹೃದಯದ ತೊಂದರೆ ಇರುವವರು, ಮಂಡಿಯ ಆಪರೇಷನ್ ಆಗಿ ಹೆಚ್ಚು ದಿನವಾಗದವರು, ಮೂಳೆ ಸವೆತ ಇದೆ ಎಂದು ಗೊತ್ತಿರುವವರು ಕೂಡ ಮೊದಲು ಕೇಳಿಯೇ ಶುರುಮಾಡಬೇಕು. ಹುಡುಗರಲ್ಲಿ ತೊಡೆಯ ಹಿಂಭಾಗ ಹಿಡಿದುಕೊಂಡು ಕುಂಟುತ್ತಿರುವವರು ಫಿಸಿಕಲ್ ಎಷ್ಟೇ ಹತ್ತಿರವಿದ್ದರೂ ಓಟದ ವೇಗ ಏರಿಸುವಂತಿಲ್ಲ. ನೋವು ಪೂರ್ತಿ ಹೋದ ಮೇಲೆ ಮೊದಲು ನಡಿಗೆ, ಆಮೇಲೆ ನಿಧಾನದ ಓಟ, ಕೊನೆಗೆ ಏರಿನ ಓಟ.